ಸಮೋವಾದ ಪದಕ, ಮೋನಾಕನ ಭಟ್ಟಿ

ಪದಕಕ್ಕೆ ಹೊಳಪು ಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಹೇಗೆ ಉಜ್ಜಬೇಕೆಂದು ಎಲ್ಲರೂ ಕಲಿಸುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ಯಾರೂ ಕಲಿಸುವುದಿಲ್ಲ. ನಾನು ಇಪ್ಪತ್ತೆಂಟು ವರ್ಷ ದುಬೈಯಲ್ಲಿ ಉಜ್ಜುವ ಬಫ್ ಚಕ್ರದ ಮುಂದೆ ಕೂತವನು. ಈಗ ಕೆಲಸ ಬಿಟ್ಟು ಅಲ್ ಕುಸೈಸ್‌ನಲ್ಲಿ ಮಗಳ ಫ್ಲಾಟಿನಲ್ಲಿದ್ದೇನೆ. ನಮ್ಮ ಹಳೆಯ ವರ್ಕ್‌ಶಾಪಿಗೆ ಹೊಸದಾಗಿ ಬಂದ ಊರಿನ ಇಬ್ಬರು ಒಂದು ಶುಕ್ರವಾರ ಮನೆಗೆ ಬಂದು, ನಿಮ್ಮ ಅನುಭವವನ್ನು ಬರೆದುಕೊಡಿ, ನಮಗೆ ಉಪಯೋಗವಾಗುತ್ತದೆ ಎಂದರು. ಹತ್ತನೇ ಕ್ಲಾಸಿನವರೆಗೆ ಓದಿದವನು ನಾನು, ಬರೆದು ಅಭ್ಯಾಸವಿಲ್ಲ. ಆದರೂ ಒಪ್ಪಿಕೊಂಡೆ. ಅವರಿಗೆ ಕೆಲಸದ ಗುಟ್ಟುಗಳು ಬೇಕಾಗಿದ್ದವು. ನನಗೆ ಹೇಳಬೇಕಾಗಿದ್ದದ್ದು ಬೇರೆ.

ನನ್ನ ಊರು ಕಟಪಾಡಿ. ತಂದೆ ಅಕ್ಕಸಾಲಿಗ, ಅಜ್ಜನೂ ಅಕ್ಕಸಾಲಿಗ. ಮೂಗುತಿಗೆ ಹರಳು ಕೂರಿಸುವುದನ್ನು ನೋಡುತ್ತಲೇ ಬೆಳೆದೆ. ರೆಡಿಮೇಡ್ ಆಭರಣದ ಅಂಗಡಿಗಳು ಬಂದು ನಮ್ಮ ಕೆಲಸ ಕಡಿಮೆಯಾದಾಗ ಬೊಂಬಾಯಿಗೆ ಹೋದೆ, ಅಲ್ಲಿಂದ ದುಬೈಗೆ. ನಮ್ಮ ಕಂಪನಿಯ ಅಂಗಡಿ ಹಳೆಯ ಪೇಟೆ ನೈಫ್‌ನಲ್ಲಿತ್ತು, ವರ್ಕ್‌ಶಾಪ್ ಅಲ್ ಕುಸೈಸ್‌ನ ಗೋದಾಮುಗಳ ಸಾಲಿನಲ್ಲಿ. ಶಾಲೆಯ ಕ್ರೀಡಾಕೂಟದ ಪದಕ, ಕಂಪನಿಗಳ ದೀರ್ಘ ಸೇವೆಯ ಫಲಕ, ಕ್ರಿಕೆಟ್ ಕಪ್ಪು, ಇವೇ ನಮ್ಮ ನಿತ್ಯದ ಕೆಲಸ. ಫೆಬ್ರವರಿ ಬಂತೆಂದರೆ ಶಾಲೆಗಳ ಆರ್ಡರಿನಿಂದ ತಲೆ ಎತ್ತಲು ಆಗುತ್ತಿರಲಿಲ್ಲ. ಇಲ್ಲಿಯ ಗಿರಾಕಿಗಳಿಗೆ ಹೊಳಪು ಬೇಕು. ಪೆಟ್ಟಿಗೆ ತೆರೆದ ಕೂಡಲೇ ಕಣ್ಣು ಕೋರೈಸಬೇಕು. ಆ ಹೊಳಪು ನನ್ನ ಕೈಯಲ್ಲಿತ್ತು. ಅದರ ಅಹಂಕಾರವೂ ಇತ್ತು.

ವರ್ಕ್‌ಶಾಪಿನ ಮೇಲ್ವಿಚಾರಣೆ ಲಿಲ್ಲಿ ಬಾಯಿಯದ್ದು. ಮಂಗಳೂರಿನ ಕುಲಶೇಖರದ ಕೊಂಕಣಿ ಹೆಂಗಸು. ಗಂಡ ಇಲ್ಲಿಯ ಒಂದು ಆಸ್ಪತ್ರೆಯಲ್ಲಿದ್ದರು. ಆರ್ಡರ್ ತೆಗೆದುಕೊಳ್ಳುವುದು, ಪತ್ರ ಬರೆಯುವುದು, ತಪ್ಪು ಹಿಡಿಯುವುದು ಎಲ್ಲವೂ ಅವರೇ. ರಿಪೇರಿಗೆ ಬಂದ ಪ್ರತಿ ವಸ್ತುವಿಗೆ ಅವರು ಒಂದು ಹಳದಿ ಕಾರ್ಡ್ ಕಟ್ಟುತ್ತಿದ್ದರು. ಏನು ಮಾಡಬೇಕು, ಏನು ಮಾಡಬಾರದು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು. ಕಾರ್ಡ್ ಓದದೆ ಚಕ್ರ ಮುಟ್ಟಬೇಡಿ ಎಂಬುದು ಅವರ ಮೊದಲ ನಿಯಮ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ನಿಧಾನ. ವಸ್ತುವನ್ನು ನೋಡಿದರೆ ಸಾಕು, ಏನು ಮಾಡಬೇಕೆಂದು ಕೈಗೆ ಗೊತ್ತಾಗುತ್ತದೆ ಎಂದು ನಾನು ನಂಬಿದ್ದೆ. ಹೆಚ್ಚಿನ ಸಲ ಅದು ನಿಜವೇ ಆಗಿತ್ತು.

ಇನ್ನೊಬ್ಬರು ಮೋನಾಕ. ಹೆಸರು ಮೋನಬ್ಬ, ಕಾಟಿಪಳ್ಳದ ಬ್ಯಾರಿ. ನನಗಿಂತ ಮೂರು ವರ್ಷ ದೊಡ್ಡವರು, ಅದಕ್ಕೆ ಅಣ್ಣ ಎನ್ನುವ ಹಾಗೆ ನಾನು ಮೋನಾಕ ಎನ್ನುತ್ತಿದ್ದೆ. ಅವರು ನನ್ನನ್ನು ಆಚಾರ್ರೆ ಎನ್ನುತ್ತಿದ್ದರು. ಅವರದು ಎನಾಮೆಲ್ ಕೆಲಸ. ಬಣ್ಣದ ಗಾಜಿನ ಪುಡಿಯನ್ನು ಲೋಹದಲ್ಲಿ ತೋಡಿದ ಕುಳಿಯಲ್ಲಿ ತುಂಬಿಸಿ, ಭಟ್ಟಿಯಲ್ಲಿಟ್ಟು, ಗಾಜು ಕರಗಿ ಕೂರುವ ಗಳಿಗೆಯಲ್ಲಿ ಹೊರಗೆ ತೆಗೆಯಬೇಕು. ಸ್ವಲ್ಪ ಮೊದಲಾದರೆ ಬಣ್ಣ ಮಂಕು, ಸ್ವಲ್ಪ ತಡವಾದರೆ ಕಪ್ಪು. ಅವರು ಗಡಿಯಾರ ನೋಡುತ್ತಿರಲಿಲ್ಲ, ಭಟ್ಟಿಯ ಬಾಗಿಲಿನಿಂದ ಬರುವ ಬೆಳಕಿನ ಬಣ್ಣ ನೋಡುತ್ತಿದ್ದರು. ಭಟ್ಟಿಯಿಂದ ಬಂದ ಪದಕಗಳನ್ನು ಚಿನ್ನದ ನೀರಿನ ತೊಟ್ಟಿಗೆ ಇಳಿಸುವುದನ್ನೂ ಅವರೇ ಮಾಡುತ್ತಿದ್ದರು. ಆ ತೊಟ್ಟಿ ನಮ್ಮಿಬ್ಬರಿಗೂ ಸೇರಿದ್ದು, ಇಬ್ಬರ ಮೇಜಿನ ನಡುವೆ ಇತ್ತು.

ಹನ್ನೊಂದು ಗಂಟೆಗೆ ಮತ್ತು ನಾಲ್ಕು ಗಂಟೆಗೆ ನಾವಿಬ್ಬರು ಸುಲೈಮಾನಿ ಕುಡಿಯುತ್ತಿದ್ದೆವು. ಹಾಲಿಲ್ಲದ ಚಹಾಕ್ಕೆ ಅವರು ಪುದಿನ ಹಾಕುತ್ತಿದ್ದರು, ನನ್ನ ಲೋಟಕ್ಕೆ ಒಂದು ಎಲೆ ಹೆಚ್ಚು. ನಾನು ಮೀನು ತಿನ್ನುವುದಿಲ್ಲವೆಂದು ಇಪ್ಪತ್ತು ವರ್ಷ ಅವರು ನನ್ನ ಮೇಜಿನ ಬಳಿ ಮೀನಿನ ಡಬ್ಬಿ ತೆರೆಯಲಿಲ್ಲ. ರಂಜಾನಿನಲ್ಲಿ ನಾನು ಅವರ ಮುಂದೆ ನೀರು ಕುಡಿಯಲಿಲ್ಲ. ಇದನ್ನು ನಾವು ಮಾತಾಡಿ ತೀರ್ಮಾನಿಸಿದ್ದಲ್ಲ.

ಸಮೋವಾ ದೇಶದ ಕೆಲಸ ನಮ್ಮಲ್ಲಿಗೆ ಬಂದದ್ದು ಒಬ್ಬ ಏಜೆಂಟರ ಮೂಲಕ. ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳು. ನಮ್ಮಲ್ಲಿ ಪದ್ಮ ಪ್ರಶಸ್ತಿಗಳಿರುವ ಹಾಗೆ ಅಲ್ಲಿಯೂ ದೇಶಕ್ಕೆ ಸೇವೆ ಸಲ್ಲಿಸಿದವರಿಗೆ ಗೌರವ ಪದಕಗಳಿವೆ. ದರ್ಜೆಗೆ ತಕ್ಕಂತೆ ಬೇರೆ ಬೇರೆ ನಮೂನೆ, ಬೇರೆ ಬೇರೆ ರಿಬ್ಬನ್. ಲಿಲ್ಲಿ ಬಾಯಿ ಗೋಡೆಯ ಮೇಲೆ ಭೂಪಟ ಅಂಟಿಸಿ ಬಹಳ ಹೊತ್ತು ಹುಡುಕಿ ಒಂದು ಕಡೆ ಪಿನ್ನು ಚುಚ್ಚಿದರು.

ಮೋನಾಕ ಕನ್ನಡಕ ಏರಿಸಿ ನೋಡಿ, "ಇದೆಂತ ಬಾಯಿ, ನೀವು ಪಿನ್ನು ಚುಚ್ಚಿದ್ದಕ್ಕೆ ಊರೇ ಮುಳುಗಿ ಹೋಯ್ತಲ್ಲ" ಎಂದರು.

ಮೊದಲ ಆರ್ಡರಿನಲ್ಲೇ ಒಂದು ಎಡವಟ್ಟು. ಎಲ್ಲ ಪದಕಗಳಿಗೂ ನಾನು ನೇರ ರಿಬ್ಬನ್ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಹೆಂಗಸರಿಗೆ ಕೊಡುವ ಪದಕವನ್ನು ಚಿಟ್ಟೆಯ ಹಾಗೆ ಕಟ್ಟಿದ ರಿಬ್ಬನ್ನಿಗೆ ತೂಗಿಸಬೇಕು, ಅದನ್ನು ಅವರು ಎಡಭುಜದ ಕೆಳಗೆ ಚುಚ್ಚಿಕೊಳ್ಳುತ್ತಾರೆ. ಏಜೆಂಟರ ಪತ್ರದಲ್ಲಿ ಇದು ಬರೆದಿತ್ತು, ನಾನು ನೋಡಿರಲಿಲ್ಲ. ಪೆಟ್ಟಿಗೆ ಹೊರಡುವ ಮಧ್ಯಾಹ್ನ ಲಿಲ್ಲಿ ಬಾಯಿ ಕಂಡುಹಿಡಿದರು. ನಾನು ಕಟ್ಟಿದ ಚಿಟ್ಟೆಗಳೆಲ್ಲ ಒಂದು ರೆಕ್ಕೆ ಮುರಿದವು. ಮೋನಾಕ ಪಕ್ಕಕ್ಕೆ ಸರಿಯಿರಿ ಎಂದು ಹೇಳಿ ಕೂತರು. ಒಂದಾದ ಮೇಲೊಂದು, ಎರಡೂ ರೆಕ್ಕೆ ಸಮ.

ಎಲ್ಲಿ ಕಲಿತಿರಿ ಎಂದು ಕೇಳಿದೆ. "ನಾಲ್ಕು ಹೆಣ್ಣುಮಕ್ಕಳ ಅಪ್ಪ ಅಲ್ವಾ ಆಚಾರ್ರೆ ನಾನು. ರಜೆಗೆ ಹೋದಾಗ ಶಾಲೆಗೆ ಜಡೆ ಕಟ್ಟುವ ಕೆಲಸ ನಂದೇ. ಎರಡು ವರ್ಷಕ್ಕೆ ಒಂದು ತಿಂಗಳು. ಆ ಒಂದು ತಿಂಗಳು ಅವರ ಉಮ್ಮ ಜಡೆ ಮುಟ್ಟಲಿಕ್ಕಿಲ್ಲ." ಅದನ್ನು ಹೇಳುವಾಗಲೂ ಅವರ ಕೈ ನಿಂತಿರಲಿಲ್ಲ.

ಆಮೇಲೆ ಕೆಲಸದ ರೀತಿ ಬದಲಾಗತೊಡಗಿತು. ಹೆಸರು ಕೆತ್ತುವುದಕ್ಕೆ ಲೇಸರ್ ಯಂತ್ರ ಬಂತು. ಎನಾಮೆಲ್ ಜಾಗಕ್ಕೆ ರೆಸಿನ್ ಬಂತು, ಬಣ್ಣದ ಅಂಟು, ಸುರಿದು ಒಣಗಲು ಬಿಟ್ಟರಾಯಿತು, ಬೆಂಕಿ ಬೇಡ. ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಮುಟ್ಟಿದರೆ ತಿಳಿಯುತ್ತದೆ, ಗಾಜು ತಣ್ಣಗಿರುತ್ತದೆ. ನಮ್ಮ ಮಾಲೀಕರಿಗೆ ಭಟ್ಟಿ ಒಂದು ತಲೆನೋವಾಯಿತು. ಕರೆಂಟು ತಿನ್ನುತ್ತದೆ, ಜಾಗ ತಿನ್ನುತ್ತದೆ, ಬೆಂಕಿಯ ತಪಾಸಣೆಯವರು ಬಂದಾಗಲೆಲ್ಲ ಅದರ ಬಗ್ಗೆಯೇ ಪ್ರಶ್ನೆ. ಆದರೆ ಸಮೋವಾದ ಪದಕಗಳಿಗೆ ಭಟ್ಟಿಯ ಎನಾಮೆಲ್ಲೇ ಬೇಕೆಂದು ಕರಾರಿನಲ್ಲಿತ್ತು. ಆ ಒಂದು ಆರ್ಡರಿಗಾಗಿ ಭಟ್ಟಿ ಉಳಿಯಿತು, ಭಟ್ಟಿಗಾಗಿ ಮೋನಾಕ ಉಳಿದರು. ಅದು ನಮಗೆಲ್ಲರಿಗೂ ಗೊತ್ತಿತ್ತು. "ನನಗೆ ಅನ್ನ ಹಾಕುವ ಊರು ಭೂಪಟದಲ್ಲಿ ಒಂದು ನೊಣ ಕೂತರೆ ಕಾಣುದಿಲ್ಲ" ಎಂದು ಅವರೇ ನಗುತ್ತಿದ್ದರು.

ಹಸಿರು ಲೈನಿನ ಮೆಟ್ರೋ ಓಡತೊಡಗಿ ಒಂದೆರಡು ವರ್ಷವಾಗಿತ್ತು. ಡಿಸೆಂಬರಿನಲ್ಲಿ ದುಬೈಯಲ್ಲಿ ರಗ್ಬಿ ಪಂದ್ಯಗಳು ನಡೆಯುತ್ತವೆ, ದ್ವೀಪಗಳಿಂದ ತಂಡಗಳು ಬರುತ್ತವೆ. ಸಮೋವಾದ ತಂಡದ ಜೊತೆ ಆಟಗಾರರ ಕೈಕಾಲು ತಿಕ್ಕುವ ಕೆಲಸಕ್ಕೆ ಬಂದಿದ್ದ ಒಬ್ಬರು ನಮ್ಮ ವರ್ಕ್‌ಶಾಪ್ ಹುಡುಕಿಕೊಂಡು ಬಂದರು. ಹೆಸರು ತೋಮಾಸಿ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದರು, ಅಷ್ಟು ಎತ್ತರ. ಅವರ ದೇಶದ ಪದಕಗಳು ಇಲ್ಲಿ ತಯಾರಾಗುತ್ತವೆಂದು ಯಾರಿಂದಲೋ ತಿಳಿದು, ತಮ್ಮ ತಾಯಿಯ ಪದಕವನ್ನು ರಿಪೇರಿಗೆ ತಂದಿದ್ದರು. ತೂಗುವ ಉಂಗುರ ಮುರಿದಿತ್ತು. ನೀಲಿ ಎನಾಮೆಲ್ ಒಂದು ಮೂಲೆಯಲ್ಲಿ ಎದ್ದಿತ್ತು. ಐದು ದಿನದಲ್ಲಿ ಮಾಡಿಕೊಡುತ್ತೇವೆಂದು ಲಿಲ್ಲಿ ಬಾಯಿ ಒಪ್ಪಿಕೊಂಡು ಕಾರ್ಡ್ ಬರೆದರು.

ತೋಮಾಸಿ ಮೋನಾಕನ ಮೇಜಿನ ಬಳಿ ಕೂತು ಸುಲೈಮಾನಿ ಕುಡಿದು ಬಹಳ ಹೊತ್ತು ಮಾತಾಡಿದರು. ನನ್ನ ಚಕ್ರದ ಸದ್ದಿನಲ್ಲಿ ನನಗೆ ಏನೂ ಕೇಳಲಿಲ್ಲ. ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರ ತಾಯಿ ಊರಿನ ಸೂಲಗಿತ್ತಿ ನರ್ಸು. ನಲವತ್ತು ವರ್ಷ ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಹೆರಿಗೆ ಮಾಡಿಸಿದವರು. ಅದಕ್ಕಾಗಿ ದೇಶ ಪದಕ ಕೊಟ್ಟಾಗ ಗಂಡನ ಕಣ್ಣು ಹೋಗಿತ್ತು. ಪದಕ ಹೇಗಿದೆ ಎಂದು ಆತ ಹೆಬ್ಬೆರಳಿನಿಂದ ಸವರಿ ನೋಡಿದರು. ಭಾನುವಾರ ಅಲ್ಲಿಯ ಹೆಂಗಸರು ಬಿಳಿ ಬಟ್ಟೆ ಉಟ್ಟು ಇಗರ್ಜಿಗೆ ಹೋಗುತ್ತಾರಂತೆ. ಆಕೆ ಬಿಳಿ ಬಟ್ಟೆಯ ಮೇಲೆ ಪದಕ ಹಾಕಿಕೊಂಡು ಕೂತರೆ ಗಂಡ ಪಕ್ಕದಲ್ಲಿ ಕೂತು ಪ್ರಾರ್ಥನೆ ಮುಗಿಯುವವರೆಗೆ ಆ ಪದಕವನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಹನ್ನೊಂದು ವರ್ಷ. ಒಂದು ಕಡೆ ಚಿನ್ನದ ಲೇಪ ಸವೆದು, ಹೆಬ್ಬೆರಳಿನಷ್ಟೇ ಅಗಲ, ಒಳಗಿನ ಬೆಳ್ಳಿ ಕಾಣುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆಕೆ ತನ್ನ ಹೆಬ್ಬೆರಳನ್ನು ಅಲ್ಲಿಟ್ಟು ಕೂರುತ್ತಿದ್ದರು. ಉಂಗುರ ಸರಿಮಾಡಿ, ನೀಲಿ ತುಂಬಿಸಿ, ಉಳಿದದ್ದನ್ನು ಮುಟ್ಟಬೇಡಿ. ಕಾರ್ಡಿನಲ್ಲಿದ್ದದ್ದು ಇಷ್ಟೇ.

ಮೊದಲು ನಾನು ಉಂಗುರಕ್ಕೆ ಬೆಸುಗೆ ಹಾಕಿದೆ. ಎನಾಮೆಲ್ಲಿಗೆ ಬಿಸಿ ತಾಗದಂತೆ ಒದ್ದೆ ಬಟ್ಟೆ ಸುತ್ತಿ ಹಾಕಿದ ಬೆಸುಗೆ ಅದು, ಒಳ್ಳೆಯ ಬೆಸುಗೆ. ನಂತರ ಪದಕ ಮೋನಾಕನ ಕೈಗೆ ಹೋಯಿತು. ಭಟ್ಟಿಗೆ ಹಾಕಿದರೆ ಲೋಹದ ಮೈಯೆಲ್ಲ ಕಪ್ಪಾಗುತ್ತದೆ, ಮತ್ತೆ ಉಜ್ಜಿ ಚಿನ್ನದ ನೀರು ಕೊಡಬೇಕಾಗುತ್ತದೆ, ಹೆಬ್ಬೆರಳಿನ ಗುರುತು ಉಳಿಯುವುದಿಲ್ಲ. ಅದಕ್ಕಾಗಿ ರೆಸಿನ್ನನ್ನು ಕಣ್ಣೆತ್ತಿಯೂ ನೋಡದಿದ್ದ ಆ ಮನುಷ್ಯ ಎರಡು ದಿನ ರೆಸಿನ್ನಿಗೆ ಗಾಜಿನ ಪುಡಿ ಬೆರೆಸಿ ಬೆರೆಸಿ, ಹಳೆಯ ನೀಲಿಗೆ ಹೊಂದಿಸಿದರು. ಗಾಯ ಎಲ್ಲಿತ್ತೆಂದು ಹುಡುಕಬೇಕು, ಹಾಗೆ ಮಾಡಿದ್ದರು. ಅದನ್ನು ನನ್ನ ಮೇಜಿನ ಮೇಲಿಟ್ಟು, "ಆಚಾರ್ರೆ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಾರ್ಡ್ ನೋಡಿ" ಎಂದು ಹೇಳಿ ನಮಾಜಿಗೆ ಹೋದರು. ನಾನು ಹ್ಞೂಂ ಎಂದೆ. ಅಂದು ಒಂದು ಶಾಲೆಯ ಆರುನೂರು ಪದಕ ಮುಗಿಸುವುದಿತ್ತು. ಕಿವಿ ಇತ್ತ, ಕೈ ಅತ್ತ.

ಪದಕ ಎತ್ತಿ ನೋಡಿದೆ. ಉಂಗುರದ ಬಳಿ ಬೆಸುಗೆಯ ಮಸಿ ಸ್ವಲ್ಪ ಉಳಿದಿತ್ತು. ಅಷ್ಟನ್ನು ತೆಗೆಯಲು ಚಕ್ರಕ್ಕೆ ಹಿಡಿದೆ. ಆಮೇಲೆ ಆ ಸವೆದ ಜಾಗ ಕಣ್ಣಿಗೆ ಬಿತ್ತು. ಒಂದು ಕಡೆ ಚಿನ್ನ, ಒಂದು ಕಡೆ ಬಿಳುಪು. ಇಂಥದ್ದು ನನ್ನ ಮೇಜಿನಿಂದ ಹೋದರೆ ನಾಳೆ ಯಾರು ಏನು ಹೇಳಿಯಾರು ಎಂದು ಅನಿಸಿತು. ಕಾರ್ಡ್ ದಾರದಲ್ಲಿ ತೂಗುತ್ತಿತ್ತು, ಚಕ್ರಕ್ಕೆ ತಾಗಬಾರದೆಂದು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಬಿಚ್ಚುವಾಗಲೂ ಓದಲಿಲ್ಲ. ಎರಡು ನಿಮಿಷದಲ್ಲಿ ಇಡೀ ಮೈಯನ್ನು ಸಮ ಮಾಡಿ, ತೊಟ್ಟಿಗೆ ಇಳಿಸಿ ಚಿನ್ನ ಕೊಟ್ಟೆ. ಹೊಸ ಮದುಮಗಳ ಹಾಗೆ ಹೊಳೆಯಿತು. ನನಗೆ ತೃಪ್ತಿಯಾಯಿತು. ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಮೋನಾಕ ನಮಾಜು ಮುಗಿಸಿ ಬಂದಾಗ ಪೆಟ್ಟಿಗೆ ಲಿಲ್ಲಿ ಬಾಯಿಯ ಕಪಾಟಿನಲ್ಲಿತ್ತು.

ಮರುದಿನ ತೋಮಾಸಿ ಬಂದರು. ಸಂಜೆ ವಿಮಾನ, ತಂಡದ ಅಂಗಿಯಲ್ಲೇ ಬಂದಿದ್ದರು. ಪೆಟ್ಟಿಗೆ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಕಿಟಕಿಯ ಬಳಿಗೆ ಹೋಗಿ ಬೆಳಕಿಗೆ ಹಿಡಿದು, ತಮ್ಮ ಹೆಬ್ಬೆರಳನ್ನು ಆ ಜಾಗದಲ್ಲಿಟ್ಟು ನೋಡಿದರು. ಅವರು ಕೂಗಾಡಲಿಲ್ಲ. ಲಿಲ್ಲಿ ಬಾಯಿಯ ಕಡೆ ತಿರುಗಿ, ಅಮ್ಮನಿಗೆ ನಾನು ಏನು ಹೇಳಲಿ ಎಂದು ಮಾತ್ರ ಕೇಳಿದರು. ಆಗ ಅವರವರಲ್ಲಿ ನಡೆದ ಮಾತಿನಲ್ಲೇ ಆ ಹೆಬ್ಬೆರಳಿನ ಕಥೆ ನನ್ನ ಕಿವಿಗೆ ಬಿದ್ದದ್ದು. ಚಕ್ರ ನಿಂತಿತ್ತು, ಎಲ್ಲರೂ ನಿಂತಿದ್ದರು.

ಲಿಲ್ಲಿ ಬಾಯಿ ಕೆಲಸದ ಚೀಟಿ ತಂದರು. ಉಂಗುರದ ಎದುರು ನನ್ನ ಸಹಿ, ಎನಾಮೆಲ್ಲಿನ ಎದುರು ಮೋನಾಕನ ಸಹಿ. ಕೊನೆಯ ಒರೆಸುವಿಕೆಯ ಎದುರು ಖಾಲಿ. ನಾನು ಸಹಿಗಳನ್ನೆಲ್ಲ ಸಂಜೆ ಒಟ್ಟಿಗೆ ಹಾಕುವವನು, ಆ ದಿನ ಮರೆತಿದ್ದೆ.

"ಆಚಾರ್ಯರೇ, ನಿಮ್ಮ ಕೈಗೆ ಬಂದಾಗ ಇದು ಹೇಗಿತ್ತು?" ಎಂದು ಲಿಲ್ಲಿ ಬಾಯಿ ಕೇಳಿದರು.

ಮುಂದಿನ ತಿಂಗಳು ನನಗೆ ಅರುವತ್ತು ತುಂಬುವುದಿತ್ತು. ಅರುವತ್ತಾದವನ ವೀಸಾ ಮುಂದುವರಿಯುವುದು ಮಾಲೀಕರ ಮನಸ್ಸಿನ ಮೇಲೆ ನಿಂತಿರುತ್ತದೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ಕ್ಷಣದಲ್ಲಿ ತಲೆಯಲ್ಲಿ ಇದ್ದದ್ದು ಅದು ಎಂದು ಹೇಳುತ್ತಿದ್ದೇನೆ, ಅಷ್ಟೇ.

"ನನ್ನ ಕೈಗೆ ಬರುವಾಗಲೇ ಹೀಗಿತ್ತು. ಭಟ್ಟಿಗೆ ಹಾಕಿರಬೇಕು" ಎಂದೆ.

ಮೋನಾಕ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ಭಟ್ಟಿಯ ಬಾಗಿಲು ತೆರೆದು ಬಣ್ಣ ನೋಡುತ್ತಿದ್ದರಲ್ಲ, ಹಾಗೆ ನೋಡಿದರು. ಆಮೇಲೆ ಲಿಲ್ಲಿ ಬಾಯಿಯ ಕಡೆ ತಿರುಗಿ, "ನಾನು ಭಟ್ಟಿಗೆ ಹಾಕ್ಲಿಲ್ಲ ಬಾಯಿ" ಎಂದರು. ಒಂದೇ ಸಲ. ಎರಡನೆಯ ಸಲ ಹೇಳಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ. ಭಟ್ಟಿಗೆ ಹಾಕಿದರೆ ಮತ್ತೆ ಚಿನ್ನ ಕೊಡಲೇಬೇಕು, ಭಟ್ಟಿಯ ಪದಕಕ್ಕೆ ಚಿನ್ನ ಕೊಡುವವರು ಅವರೇ. ನನ್ನ ಸುಳ್ಳು, ಕೆಲಸ ಬಲ್ಲವನ ಸುಳ್ಳು. ಗಾಜಿನ ಪುಡಿ ಬೆರೆತ ಆ ಸಣ್ಣ ನೀಲಿ ರೆಸಿನ್ನೋ ಎನಾಮೆಲ್ಲೋ ಎಂದು ಮುಟ್ಟಿದರೂ ಹೇಳುವಂತಿರಲಿಲ್ಲ, ಎಲ್ಲಿಯೂ ಸಂದು ಇರಲಿಲ್ಲ.

ಹೋಗುವಾಗ ತೋಮಾಸಿ ಆ ಕೆಲಸಗಾರನ ಪೂರ್ತಿ ಹೆಸರೇನು ಎಂದು ಕೇಳಿದರು. ಲಿಲ್ಲಿ ಬಾಯಿ ಹೇಳಿದರು. ಅವರು ಅದನ್ನು ಬರೆದುಕೊಂಡರು.

ಅಷ್ಟೇ ಸಾಕಾಯಿತು ಮಾಲೀಕರಿಗೆ. ಮೋನಾಕನಿಗೆ ವಾರ್ನಿಂಗ್ ಲೆಟರ್ ಹೋಯಿತು. ಏಜೆಂಟರಿಗೂ ಸುದ್ದಿ ಮುಟ್ಟಿ, ಸಮೋವಾದ ಆರ್ಡರ್ ಬೇರೆ ಕಡೆಗೆ ಹೋಯಿತು. ಇನ್ನು ಭಟ್ಟಿ ಯಾಕೆ ಎಂದು ಅದನ್ನು ಗುಜರಿಗೆ ಹಾಕಿದರು. ನಾಲ್ಕು ಜನ ಅದನ್ನು ಪಿಕಪ್ಪಿಗೆ ಎತ್ತುವಾಗ ಮೋನಾಕ ಅದರ ಬಾಗಿಲು ಬೀಳದಂತೆ ತಂತಿ ಕಟ್ಟಿಕೊಟ್ಟರು. ಅವರನ್ನು ಜೆಬೆಲ್ ಅಲಿಯ ಗೋದಾಮಿಗೆ ಹಾಕಿದರು, ಪೆಟ್ಟಿಗೆ ಕಟ್ಟುವ ಕೆಲಸಕ್ಕೆ. ವಾಸವೂ ಅಲ್ಲೇ, ಕ್ಯಾಂಪಿನಲ್ಲಿ. ಕೊನೆಯ ದಿನ ಹನ್ನೊಂದು ಗಂಟೆಗೆ ಎಂದಿನಂತೆ ಎರಡು ಲೋಟ ಸುಲೈಮಾನಿ ಮಾಡಿ, ಒಂದನ್ನು ನನ್ನ ಮೇಜಿನ ಮೇಲಿಟ್ಟು, ತಮ್ಮದನ್ನು ತೆಗೆದುಕೊಂಡು ಬಾಗಿಲ ಹೊರಗೆ ಹೋಗಿ ನಿಂತು ಕುಡಿದರು. ನನ್ನ ವೀಸಾ ಮುಂದುವರಿಯಿತು.

ಆಮೇಲಿನ ಒಂದು ವರ್ಷ ನಾನು ಚೆನ್ನಾಗಿ ಕೆಲಸ ಮಾಡಿದೆ ಎಂದು ಎಲ್ಲರೂ ಹೇಳಿದರು. ಹನ್ನೊಂದು ಗಂಟೆಗೆ ನನ್ನ ಕೈ ತಾನಾಗಿ ಚಕ್ರ ನಿಲ್ಲಿಸುತ್ತಿತ್ತು. ಭಟ್ಟಿ ಇದ್ದ ಜಾಗದಲ್ಲಿ ನೀರಿನ ಕೂಲರ್ ಇಟ್ಟಿದ್ದರು. ಕೆಫೆಟೇರಿಯಾದಿಂದ ಸುಲೈಮಾನಿ ತರಿಸಿದೆ, ನಾನೇ ಪುದಿನ ತಂದು ಹಾಕಿ ನೋಡಿದೆ. ನನಗೆ ಒಂದು ಎಲೆ ಹೆಚ್ಚು ಎಂಬುದು ಗೊತ್ತು, ಒಟ್ಟು ಎಷ್ಟು ಎಲೆ ಹಾಕುತ್ತಿದ್ದರೆಂದು ನಾನು ಯಾವತ್ತೂ ಗಮನಿಸಿರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ತೋಮಾಸಿ ಮತ್ತೆ ಬಂದರು. ಲಿಲ್ಲಿ ಬಾಯಿ ನೈಫ್‌ನ ಅಂಗಡಿಗೆ ಹೋಗಿದ್ದರು, ನಾನೇ ಎದುರಾದೆ. ಅವರ ಕೈಯಲ್ಲಿ ಸುರುಳಿ ಸುತ್ತಿದ ಒಂದು ಸಣ್ಣ ಚಾಪೆ ಇತ್ತು. ನಮ್ಮೂರಿನ ಮುಂಡೇವು ಚಾಪೆಯ ಹಾಗೆಯೇ ಎಲೆಯಲ್ಲಿ ನೇಯ್ದದ್ದು, ಆದರೆ ಎಳೆ ಬಹಳ ತೆಳು, ಬಟ್ಟೆಯ ಹಾಗೆ ಮೆತ್ತಗೆ. ಮೋನಬ್ಬ ಎಲ್ಲಿ ಎಂದು ಕೇಳಿದರು. ಇಲ್ಲಿಲ್ಲ, ಜೆಬೆಲ್ ಅಲಿಯಲ್ಲಿದ್ದಾರೆ ಎಂದೆ.

ಅವರು ಚಾಪೆಯ ವಿಷಯ ಹೇಳಿದರು. ಅವರ ಊರಿನಲ್ಲಿ ಒಬ್ಬ ದೊಡ್ಡ ತಪ್ಪು ಮಾಡಿದರೆ, ಅವನ ಕಡೆಯವರು ಬೆಳಗಾಗುವ ಮೊದಲು ಹೋಗಿ ನೊಂದವರ ಮನೆಯ ಅಂಗಳದಲ್ಲಿ ತಲೆಯ ಮೇಲೆ ಒಳ್ಳೆಯ ಚಾಪೆ ಹೊದ್ದು ಕೂರುತ್ತಾರಂತೆ. ಬಾಯಿಬಿಟ್ಟು ಕ್ಷಮೆ ಕೇಳಬೇಕಾಗಿಲ್ಲ. ಮನೆಯವರು ಹೊರಗೆ ಬಂದು ಚಾಪೆ ಎತ್ತಿದರೆ ತಪ್ಪು ಮುಗಿಯಿತು. ಎತ್ತುವವರೆಗೆ ಬಿಸಿಲಾದರೂ ಮಳೆಯಾದರೂ ಕೂತೇ ಇರಬೇಕು. "ಅಮ್ಮ ಹೇಳಿದರು, ಆ ಮನುಷ್ಯ ದುಬೈಯಿಂದ ಇಲ್ಲಿಗೆ ಬಂದು ಕೂರಲು ಆಗುವುದಿಲ್ಲ. ಚಾಪೆಯನ್ನು ನಾನೇ ಕಳಿಸುತ್ತೇನೆ, ಎತ್ತಿದ್ದೇನೆ ಎಂದು ಹೇಳು ಅಂತ." ಒಂದು ವರ್ಷದಿಂದ ಭಾನುವಾರದ ಪ್ರಾರ್ಥನೆಯಲ್ಲಿ ಆಕೆ ಮೋನಬ್ಬನ ಹೆಸರು ಹೇಳುತ್ತಿದ್ದಾರಂತೆ, ಆತನ ಮನಸ್ಸಿಗೆ ಭಾರವಾಗದಿರಲಿ ಎಂದು. ಪದಕ ಹಾಕಿಕೊಳ್ಳುತ್ತಾರಾ ಎಂದು ಕೇಳಿದೆ. ಇಲ್ಲ ಎಂದರು.

ಆಗ ಹೇಳಬಹುದಿತ್ತು. ನಾವಿಬ್ಬರೇ ಇದ್ದೆವು. ಚಾಪೆ ನನ್ನ ಕೈಯಲ್ಲಿತ್ತು. ತಲುಪಿಸುತ್ತೇನೆ ಎಂದು ಮಾತ್ರ ಹೇಳಿ ಅವರನ್ನು ಬಾಗಿಲವರೆಗೆ ಬಿಟ್ಟು ಬಂದೆ. ಮೊದಲನೆಯ ಸುಳ್ಳು ಹೆದರಿ ಹೇಳಿದ್ದು. ಈ ಎರಡನೆಯದಕ್ಕೆ ಹೆದರಿಕೆಯ ಕಾರಣವೂ ಇರಲಿಲ್ಲ.

ಆ ಚಾಪೆ ನನ್ನ ಕಪಾಟಿನಲ್ಲಿ ಏಳು ವಾರ ಇತ್ತು. ಬಟ್ಟೆ ತೆಗೆಯಲು ಬಾಗಿಲು ತೆರೆದರೆ ಒಣಗಿದ ಎಲೆಯ ವಾಸನೆ. ಊರಿನಲ್ಲಿ ಬೇಸಿಗೆಯಲ್ಲಿ ಅಮ್ಮ ಚಾಪೆ ಬಿಸಿಲಿಗೆ ಹಾಕಿದಾಗ ಬರುತ್ತಿದ್ದ ವಾಸನೆ. ಒಂದು ಶುಕ್ರವಾರ ತಡೆಯಲಾಗದೆ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ. ಮೆಟ್ರೋದಲ್ಲಿ ಹಸಿರು ಲೈನಿನಿಂದ ಕೆಂಪು ಲೈನಿಗೆ, ಅಲ್ಲಿಂದ ಬಸ್ಸು. ಮೋನಾಕ ಜುಮಾ ನಮಾಜು ಮುಗಿಸಿ ಬಂದು ಕ್ಯಾಂಪಿನ ಹೊರಗೆ ತಂತಿಯ ಮೇಲೆ ಅಂಗಿ ಒಣಹಾಕುತ್ತಿದ್ದರು. ನನ್ನನ್ನು ಕಂಡು, "ಓ, ಆಚಾರ್ರು. ಬಿಸಿಲಿಗೆ ಯಾಕೆ ಬಂದ್ರಿ" ಎಂದರು. ರೂಮಿನಲ್ಲಿ ಆರು ಜನ, ನಾಲ್ವರು ಮಲಗಿದ್ದರು. ನೆರಳಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರು.

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಕಾರ್ಡ್ ಬಿಚ್ಚಿಟ್ಟದ್ದು, ಉಜ್ಜಿದ್ದು, ಸುಳ್ಳು ಹೇಳಿದ್ದು. ತೋಮಾಸಿ ಬಂದದ್ದು, ಚಾಪೆ, ಏಳು ವಾರ. ಅವರಿಗೆ ಗೊತ್ತಿದ್ದ ವಿಷಯವನ್ನು ಅವರಿಗೇ ಹೇಳುವುದು ಎಷ್ಟು ಕಷ್ಟವೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಅವರು ಚಾಪೆ ಬಿಡಿಸಿ, ಅಂಚಿನ ನೇಯ್ಗೆಯನ್ನು ಬೆರಳಿನಲ್ಲಿ ಸವರಿ, ಒಳ್ಳೆ ಕೆಲಸ ಎಂದರು. ಆಮೇಲೆ ಸುರುಳಿ ಸುತ್ತಿ ನನ್ನ ಕಡೆ ಚಾಚಿದರು.

"ಇದು ತಪ್ಪು ಮಾಡಿದವರಿಗೆ ಕಳ್ಸಿದ್ದಲ್ವಾ ಆಚಾರ್ರೆ. ನನಗೆ ಯಾಕೆ?"

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. "ಬೇಡ ಮಾರಾಯ್ರೆ, ಜನ ನೋಡ್ತಾರೆ. ನೀವು ಚಕ್ರಕ್ಕೆ ಹಿಡಿದದ್ದಕ್ಕೆ ನನಗೇನೂ ಇಲ್ಲ. ಕೈಗೆ ಅಭ್ಯಾಸ, ನನ್ನ ಕೈಯಾದ್ರೂ ಹಾಗೇ ಮಾಡ್ತಿತ್ತೋ ಏನೋ. ಬಾಯಿ ಕೇಳುವಾಗ ನೀವು ನನ್ನನ್ನು ನೋಡ್ಲಿಲ್ಲ ನೋಡಿ. ಆಚೆ ನೋಡಿ ಹೇಳಿದ್ರಿ." ಅಷ್ಟು ಹೇಳಿ, ಉಳಿದ ಅಂಗಿಗಳನ್ನು ಒಣಹಾಕಲು ಹೋದರು. ಬಸ್ಸಿನ ಹೊತ್ತು ಹೇಳಿ, ನಿಲ್ದಾಣದ ತನಕ ಜೊತೆಗೆ ಬಂದರು.

ಮರುದಿನ ಲಿಲ್ಲಿ ಬಾಯಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಲೆಟರಿಗೆ ನನ್ನ ಸಹಿ ಹಾಕಿಸಿದ್ರಲ್ಲ ಆಚಾರ್ಯರೇ" ಎಂದರು. ಅವರೇ ಮಾಲೀಕರ ಬಳಿ ಹೋಗಿ ವಾರ್ನಿಂಗ್ ಲೆಟರನ್ನು ರದ್ದುಮಾಡಿಸಿದರು. ಮೋನಾಕನನ್ನು ವಾಪಸು ಕರೆದರು. ಭಟ್ಟಿ ಇರಲಿಲ್ಲ, ರೆಸಿನ್ ಮೇಜಿಗೆ ಬನ್ನಿ ಎಂದರು. ಅವರು ಬರಲಿಲ್ಲ. ಆ ವರ್ಷದ ಕರಾರು ಮುಗಿಸಿ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋದರು. ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಕಾದೆ, ತೆಗೆಯಲಿಲ್ಲ. ಆದರೆ ಅಂದಿನಿಂದ ನಾನು ನಿವೃತ್ತನಾಗುವವರೆಗೆ ಲಿಲ್ಲಿ ಬಾಯಿ ಪ್ರತಿ ರಿಪೇರಿಯನ್ನೂ ನನ್ನ ಮೇಜಿಗೆ ತಾವೇ ತಂದು, "ಓದಿ" ಎನ್ನುತ್ತಿದ್ದರು. ಎಲ್ಲರ ಎದುರು ನಾನು ಕಾರ್ಡನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಬೇಕು. ನಾಲ್ಕು ವರ್ಷ ಓದಿದೆ. ಹೊಸಬರೇ, ನಿಮ್ಮ ಮೇಲಿನವರು ಹೀಗೆ ಓದಿಸಿದರೆ ಬೇಸರ ಮಾಡಬೇಡಿ.

ತೋಮಾಸಿಗೆ ನಿಜವನ್ನು ಈಮೇಲಿನಲ್ಲಿ ಬರೆಯಿರಿ ಎಂದು ಲಿಲ್ಲಿ ಬಾಯಿಯನ್ನು ಕೇಳಿಕೊಂಡೆ. ಎರಡು ವಾರದ ಮೇಲೆ ಉತ್ತರ ಬಂತು. ತಾಯಿ, ಹಾಗಾದರೆ ವರ್ಷಪೂರ್ತಿ ನಾನು ಬೇರೆಯವರ ಹೆಸರು ಹೇಳಿದೆನಲ್ಲ, ಈ ಮನುಷ್ಯನ ಹೆಸರು ಏನು, ಬರೆದು ಕಳಿಸಲಿ ಎಂದರಂತೆ. ಸದಾಶಿವ ಎಂದು ಬರೆಸಿ ಕಳಿಸಿದೆ. ಅಷ್ಟು ದೂರದ, ನಾನು ಮುಖವನ್ನೂ ಕಾಣದ ಆ ತಾಯಿ ನನ್ನ ಚಾಪೆ ಎತ್ತಿದರು. ಅದು ಈಗಲೂ ನನ್ನ ಹತ್ತಿರ ಇದೆ. ಬಿಡಿಸಿ ಹಾಸಲು ಮನಸ್ಸು ಬರುವುದಿಲ್ಲ.

ಮೋನಾಕನಿಗೆ ಎರಡು ಈದ್ ಹಬ್ಬಕ್ಕೂ ಫೋನ್ ಮಾಡುತ್ತೇನೆ. ಅವರು ಎತ್ತುತ್ತಾರೆ, ಒಂದು ಸಲವೂ ಎತ್ತದೆ ಇದ್ದದ್ದಿಲ್ಲ. ನನ್ನ ಸಕ್ಕರೆ ಕಾಯಿಲೆ ವಿಚಾರಿಸುತ್ತಾರೆ. ಮಗಳು ಕಲಿಸುವ ಶಾಲೆ, ಮೊಮ್ಮಗಳು ಕನ್ನಡ ಮಾತಾಡುತ್ತಾಳಾ ಇಲ್ಲವಾ, ಕುಸೈಸ್‌ನ ಹಳೆಯ ಕೆಫೆಟೇರಿಯಾ ಇದೆಯಾ, ಎಲ್ಲ ಕೇಳುತ್ತಾರೆ. ನಾಲ್ಕನೆಯ ಮಗಳ ಮದುವೆಯಾದದ್ದನ್ನು, ಆಗಿ ಮೂರು ತಿಂಗಳ ಮೇಲೆ ಹೇಳಿದರು. ನಮ್ಮ ಕಡೆ ಯಾರೊಡನೆ ಮಾತಾಡಿದರೂ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೊಡನೆ ಮಾತಾಡಿದರೂ, ಕೊನೆಗೆ "ಊರಿಗೆ ಬಂದಾಗ ಮನೆಗೆ ಬನ್ನಿ" ಎಂದು ಹೇಳದೆ ಮಾತು ಮುಗಿಸುವ ಕ್ರಮವಿಲ್ಲ. ಮೋನಾಕ "ಆಯ್ತು ಆಚಾರ್ರೆ, ಇಡ್ತೇನೆ" ಎನ್ನುತ್ತಾರೆ. ನಾನು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾಯುತ್ತೇನೆ.

ಶಾಲೆಯ ರಜೆಗೆ ಮಗಳೊಡನೆ ಊರಿಗೆ ಹೋಗುವಾಗ ಮಂಗಳೂರಿನ ವಿಮಾನ ನಿಲ್ದಾಣದಿಂದ ಕಟಪಾಡಿಗೆ ಕಾರು. ದಾರಿಯಲ್ಲಿ ಸುರತ್ಕಲ್ ಸಿಗುತ್ತದೆ, ಅಲ್ಲಿಂದ ಒಳಗೆ ತಿರುಗಿದರೆ ಕಾಟಿಪಳ್ಳ, ಹತ್ತು ನಿಮಿಷದ ದಾರಿ. ಕಳೆದ ಜುಲೈಯಲ್ಲಿ ಆ ತಿರುವಿನ ಬಳಿ ಸ್ವಲ್ಪ ನಿಧಾನ ಹೋಗಿ ಎಂದು ನಾನು ಡ್ರೈವರಿಗೆ ಹೇಳಿದೆ. ಆತ ಕಾರನ್ನು ಬದಿಗೆ ತಂದು, ಇಲ್ಲಿ ನಿಮ್ಮವರು ಯಾರಾದರೂ ಇದ್ದಾರಾ ಎಂದು ಕೇಳಿದ. ಇದ್ದಾರೆ ಎಂದೆ.

"ಹೋಗಿ ಬರುವುದಾ ಹಾಗಾದ್ರೆ?"

"ಕರೆದಿಲ್ಲ" ಎಂದೆ.